ಮೂಗಿನೊಳಗಿನ ಸಿಂಹಿಣಿ

ಆ ಮನೆಯ ಮೂವರಲ್ಲಿ ಉಜಾಹೋರನ ಹುಬ್ಬೇ ಎಲ್ಲರಿಗಿಂತ ಮೊದಲು ಬೆಳೆದುಬಿಟ್ಟಿತ್ತು. ಬೆಳಿಗ್ಗೆ ಎದ್ದವನೇ ಕಂಚಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡ. ದೇವಿಯ ಸೇವೆಗೆಂದು ತಲೆ, ಎದೆ, ಕಾಲು ಎಲ್ಲವನ್ನೂ ಬೋಳಿಸಿಕೊಂಡ ಮೈಯಲ್ಲಿ ಕೂದಲು ಎಂಬುದು ಉಳಿದಿದ್ದದ್ದು ಹುಬ್ಬಿನಲ್ಲಿ ಮಾತ್ರ. ನೆಜೆಮ್ ಸತ್ತ ದಿನ ಅದೂ ಹೋಗಿತ್ತು. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ತೆಗೆಸಿಕೊಳ್ಳಬೇಕು, ಅದು ಮತ್ತೆ ತುಂಬಿಕೊಳ್ಳುವ ತನಕ ಸೂತಕ. ಅವನ ಅವ್ವನ ಹಣೆ ಇನ್ನೂ ಮೊಟ್ಟೆಯ ಹಾಗಿತ್ತು. ಹೆಂಡತಿ ತಾಹೆರೆಯ ಕಣ್ಣಿನ ಮೇಲೆ ಇರುವೆ ಸಾಲಿನಂಥ ಸಣ್ಣ ಕಪ್ಪು ಮೂಡುತ್ತಿತ್ತು. ಇವನದು ಮಾತ್ರ ನದಿ ಇಳಿದ ಮೇಲಿನ ಗದ್ದೆಯ ಹಾಗೆ ದಟ್ಟವಾಗಿ, ನಾಚಿಕೆಯಿಲ್ಲದೆ ಎದ್ದು ನಿಂತಿತ್ತು. ಈ ಹಾಳು ಹುಬ್ಬು ಊರಿಗೆಲ್ಲ ಹೇಳುತ್ತಿದೆ, ಇವನಿಗೆ ದುಃಖವಿಲ್ಲ ಎಂದು, ಎಂದುಕೊಂಡು ಹೆಬ್ಬೆರಳಿನಿಂದ ಅದನ್ನು ಒತ್ತಿ ಮಲಗಿಸಲು ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಒಲೆಯಿಂದ ರೊಟ್ಟಿಯ ವಾಸನೆ ಬಂತು. ಕೊತ್ತಂಬರಿ ಬೀಜ ಹಾಕಿದ್ದಾರೆ, ಒಂದು ಬದಿ ಸ್ವಲ್ಪ ಸೀದಿದೆ. ಅವನಿಗೆ ಅರಿವಿಲ್ಲದೆಯೇ ಕಣ್ಣು ಮುಚ್ಚಿ, ಎದೆ ಅಗಲವಾಗಿ, ಎರಡೂ ಹೊಳ್ಳೆಗಳಿಂದ ಆ ವಾಸನೆಯನ್ನು ಒಳಗೆಳೆದುಕೊಂಡ. ಎಳೆದುಕೊಂಡ ಮೇಲೆ, ಪರರ ಮನೆಯಲ್ಲಿ ಕದ್ದು ತಿಂದವನ ಹಾಗೆ ಹಿಂದೆ ತಿರುಗಿ ನೋಡಿದ.

ಬೆಕ್ಕು ಸತ್ತ ಮೇಲೆ ಮನೆಯನ್ನೆಲ್ಲ ಸವಳುಪ್ಪಿನ ನೀರಿನಲ್ಲಿ ತೊಳೆದು, ಅದು ಮಲಗುತ್ತಿದ್ದ ಚಾಪೆ ಬುಟ್ಟಿಗಳನ್ನು ಸುಟ್ಟು, ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಅದಾಗಿ ಕೆಲವು ದಿನಕ್ಕೆ ಒಂದು ಮುಂಜಾನೆ ಅವನಿಗೆ ಎಚ್ಚರವಾದಾಗ ಬಾಯಿ ಮುಚ್ಚಿತ್ತು. ಬಾಯಿ ಮುಚ್ಚಿಕೊಂಡು ಮಲಗಿದ್ದೇನೆ, ಆದರೂ ಸತ್ತಿಲ್ಲ ಎಂಬ ಆಶ್ಚರ್ಯದಲ್ಲಿ ಎಷ್ಟೋ ಹೊತ್ತು ಅಲುಗಾಡದೆ ಬಿದ್ದುಕೊಂಡಿದ್ದ. ಪಕ್ಕದಲ್ಲಿ ತಾಹೆರೆಯ ತಲೆಗೂದಲಿನಿಂದ ನುಗ್ಗೆ ಎಣ್ಣೆಯ ವಾಸನೆ ಬರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾಗಿ, ಇವಳಿಗೊಂದು ವಾಸನೆಯಿದೆ ಎಂಬುದೇ ತನಗೆ ಗೊತ್ತಿರಲಿಲ್ಲವಲ್ಲ ಎಂದು ನಗು ಬಂತು. ಯಾರೋ ಹೊಸಬಳ ಪಕ್ಕ ಮಲಗಿದ ಹಾಗಾಗಿ ಸ್ವಲ್ಪ ಭಯವೂ ಆಯಿತು. ನದಿಯ ಕೆಸರು, ಮೀನುಗಾರರ ಬಲೆ, ಬಾರ್ಲಿಯ ಬೀರು ಹುಳಿಯುವ ಮಡಕೆ, ಮಳೆ ಕಾಣದ ಊರಿನ ಒಣ ಧೂಳು, ಒಂದೊಂದಾಗಿ ಎಲ್ಲವೂ ಅವನ ಮೂಗಿನ ಬಾಗಿಲಿಗೆ ಬಂದು ಪರಿಚಯ ಹೇಳಿಕೊಂಡವು. ಆ ದಿನಗಳಲ್ಲಿ ಅವನಷ್ಟು ಸುಖಿ ಪೆರ್-ಬಾಸ್ತ ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ಸೂತಕದ ಮನೆಯ ಯಜಮಾನ ಸುಖವಾಗಿದ್ದಾನೆ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಾರದಾದ.

ಇವತ್ತು ನೆಜೆಮಳನ್ನು ಮಣ್ಣು ಮಾಡುವ ದಿನ. ಶವ ಕಟ್ಟುವವರ ಕೇರಿಯಿಂದ ಅರಿವೆ ಸುತ್ತಿದ ಅವಳ ಶವ ತಯಾರಾಗಿ ಬರುತ್ತದೆ. ಮನೆಯವರು ಅದನ್ನು ಊರಂಚಿನ ಬೆಕ್ಕುಗಳ ರುದ್ರಭೂಮಿಗೆ ಒಯ್ಯಬೇಕು. ಅಲ್ಲಿಗೆ ಮಹಾಪೂಜಾರಿ ಪೆತೆಸೆಯವರೇ ಬರುವವರಿದ್ದರು. ಒಂದು ಮನೆಯ ಬೆಕ್ಕಿಗಾಗಿ ಮಹಾಪೂಜಾರಿ ಊರಂಚಿನವರೆಗೆ ನಡೆಯುವುದಿಲ್ಲ. ಅವರು ಬರುವುದು ಉಜಾಹೋರನ ಕಣ್ಣೀರನ್ನು ನೋಡುವುದಕ್ಕೆ. ಒಳಗುಡಿಯಲ್ಲಿ ಬೆಕ್ಕಿನ ಮುಖದ ದೇವಿ ಬಾಸ್ತೆತಳ ಸ್ವಂತ ಬೆಕ್ಕುಗಳಿಗೆ ಉಣಿಸುವ ಮುದುಕ ಹೋದ ತಿಂಗಳು ತೀರಿಕೊಂಡಿದ್ದ. ಆ ಜಾಗಕ್ಕೆ ಅರ್ಹನಾದವನನ್ನು ಇವತ್ತು ಎಲ್ಲರ ಎದುರು ಹೇಳುತ್ತಾರೆ ಎಂದು ಊರೆಲ್ಲ ಮಾತಾಡುತ್ತಿತ್ತು. ಊರೆಲ್ಲ ಒಪ್ಪಿದ ಹೆಸರು ಇವನದೇ. ಏಕೆಂದರೆ ಬೆಕ್ಕನ್ನು ಕಂಡರೆ ಕಣ್ಣಲ್ಲಿ ಧಾರಾಕಾರ ನೀರು ಸುರಿಯುವ ಭಕ್ತ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಹೀಗೆ ಆದದ್ದು ತನ್ನ ತಪ್ಪೇ ಎಂದು ಅವನು ಹಲವು ಸಲ ಲೆಕ್ಕ ಹಾಕಿ ನೋಡಿದ್ದ. ತೊಟ್ಟಿಲಲ್ಲಿದ್ದಾಗಲೇ ಬೆಕ್ಕು ಬಂದು ಮೂಸಿದರೆ ಸೀನುತ್ತಿದ್ದನಂತೆ. ದೇವಿ ನನ್ನ ಮಗನ ಮೂಗಿನಲ್ಲಿ ಉಸಿರಿಟ್ಟಳು ಎಂದು ಅವ್ವ ಕೇರಿಗೆಲ್ಲ ಜೇನು ರೊಟ್ಟಿ ಹಂಚಿದ್ದಳು. ಅವನ ಅಪ್ಪ ದೇವಾಲಯದ ಹೊರ ಅಂಗಳದಲ್ಲಿ ಪಾತ್ರೆ ತೊಳೆಯುತ್ತಲೇ ಮುದುಕನಾಗಿ, ಒಳಗುಡಿಯ ಬಾಗಿಲಿನ ಕಡೆ ನೋಡುತ್ತ ನೋಡುತ್ತ ಕಣ್ಣು ಮುಚ್ಚಿದವನು. ಮಗ ಮೊದಲ ಸಲ ಅಂಗಳಕ್ಕೆ ಕಾಲಿಟ್ಟ ದಿನ ಹತ್ತಾರು ಬೆಕ್ಕುಗಳು ಬಾಲವೆತ್ತಿಕೊಂಡು ಎದುರಾದವು. ಆ ದೇವಾಲಯ ಊರಿಗಿಂತ ತಗ್ಗಿನಲ್ಲಿದೆ. ಎರಡು ಕಾಲುವೆಗಳ ನಡುವೆ, ಮರಗಳ ನೆರಳಿನಲ್ಲಿ, ಬಟ್ಟಲಿನ ತಳದಲ್ಲಿಟ್ಟ ಹಾಗೆ. ಸುತ್ತಲಿನ ಮನೆಗಳ ಮಾಳಿಗೆಯಲ್ಲಿ ಬಟ್ಟೆ ಒಣಹಾಕುವ ಹೆಂಗಸರಿಗೆಲ್ಲ ಒಳಗೆ ನಡೆಯುವುದು ಕಾಣುತ್ತದೆ. ಅವತ್ತು ಅವರಿಗೆ ಕಂಡದ್ದು, ಬೋಳುತಲೆಯ ಹುಡುಗನೊಬ್ಬ ಬೆಕ್ಕುಗಳ ನಡುವೆ ಮಂಡಿಯೂರಿ ಕುಸಿದು, ಕೆಂಪಾದ ಕಣ್ಣುಗಳಿಂದ ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು. ಅವನು ಉಸಿರಿಗಾಗಿ ಬಾಯಿ ಬಿಡುತ್ತಿದ್ದ. ಮೇಲಿನವರು ಅದನ್ನು ಸ್ತೋತ್ರ ಎಂದುಕೊಂಡರು. ಆಮೇಲೆ ಪ್ರತಿ ಸಲ ಸೇವೆಗೆ ಅವನ ಪೂಜಾರಿಗಳ ತಂಡದ ಸರದಿ ಬಂದಾಗಲೂ ಮಾಳಿಗೆಗಳ ಮೇಲೆ ಜನ ಸೇರತೊಡಗಿದರು. ಹೇಳಬೇಕಿತ್ತು. ಆದರೆ ಏನೆಂದು? ನನಗೆ ಬೆಕ್ಕು ಆಗುವುದಿಲ್ಲ ಎಂಬ ಮಾತನ್ನು ಆ ಊರಿನಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ. ನನಗೆ ಸೂರ್ಯ ಆಗುವುದಿಲ್ಲ, ನದಿ ಆಗುವುದಿಲ್ಲ ಎಂದ ಹಾಗಾಗುತ್ತಿತ್ತು ಅದು.

ಒಂದು ಸಲ ಮಾತ್ರ, ಮದುವೆಯ ಹೊಸತರಲ್ಲಿ, ತಾಹೆರೆಯ ಕಾಟ ತಡೆಯಲಾರದೆ ವೈದ್ಯನ ಹತ್ತಿರ ಹೋಗಿದ್ದ. ಆ ವೈದ್ಯ ಸಿಂಹಮುಖದ ಸೆಖ್ಮೆತ್ ದೇವಿಯ ಒಕ್ಕಲು. ಮೂಗಿಗೆ ಖರ್ಜೂರದ ಹೆಂಡ ಬಿಟ್ಟು, ಇಳಿ ಇಳಿ ಎಂದು ಮಂತ್ರ ಹೇಳಿ, ಇಳಿಯದಿದ್ದಾಗ ಬಹಳ ಹೊತ್ತು ಯೋಚಿಸಿ ಅವನು ಒಂದು ಮಾತು ಹೇಳಿದ. ದೇವಿ ಒಬ್ಬಳೇ. ತಣ್ಣಗಿದ್ದಾಗ ಬೆಕ್ಕು, ಕೆರಳಿದಾಗ ಸಿಂಹಿಣಿ. ಎಲ್ಲರ ಮನೆಗೂ ಅವಳು ಬೆಕ್ಕಾಗಿ ಬರುತ್ತಾಳೆ. ನಿನ್ನ ಮೂಗಿನೊಳಗೆ ಮಾತ್ರ ಸಿಂಹಿಣಿಯಾಗಿ ಕೂತಿದ್ದಾಳೆ. ಇದಕ್ಕೆ ಔಷಧಿಯಿಲ್ಲ, ನಮಸ್ಕಾರ ಮಾಡಿಕೊಂಡಿರು. ಉಜಾಹೋರ ನಮಸ್ಕಾರ ಮಾಡಿಕೊಂಡೇ ಇದ್ದ. ಸುಳ್ಳು ಹೇಳಬಾರದು, ರಾತ್ರಿ ಉಸಿರು ಕಟ್ಟಿ ಎದ್ದು ಕೂತಾಗ, ಮೂಗಿನೊಳಗೆ ಏನೋ ದೊಡ್ಡದೊಂದು ಮೈಮುರಿದು ಹೊರಳಿದ ಹಾಗಾದಾಗ, ಅವನಿಗೆ ಒಂದು ಬಗೆಯ ಹೆಮ್ಮೆಯೂ ಆಗುತ್ತಿತ್ತು. ಬೇರೆಯವರ ದೇವರು ಗುಡಿಯಲ್ಲಿರುತ್ತಾರೆ.

ನೆಜೆಮ್ ಅವನ ಅವ್ವ ತಂದ ಬೆಕ್ಕು. ಸಿಹಿ ಎಂಬ ಅರ್ಥದ ಆ ಹೆಸರಿಟ್ಟವಳೂ ಅವ್ವನೇ. ಮನೆಯಲ್ಲಿ ಎತ್ತಿ ಮುದ್ದಾಡುವ ಇಬ್ಬರು ಹೆಂಗಸರಿದ್ದರೂ ಅವಳು ಅವರ ಹತ್ತಿರ ಸುಳಿಯಲಿಲ್ಲ. ಯಾರು ತನ್ನನ್ನು ಕಂಡರೆ ಮಾರುದೂರ ಸರಿಯುತ್ತಿದ್ದನೋ ಅವನನ್ನೇ ಹಿಡಿದಳು. ಸೇವೆಗೆಂದು ಮಡಿ ಮಾಡಿಟ್ಟ ನಾರುಬಟ್ಟೆಯ ಮೇಲೆ ಮಲಗಿದಳು. ಅವನು ಊಟಕ್ಕೆ ಕೂತರೆ ಎಡ ಮೊಣಕಾಲಿನ ಪಕ್ಕ ಬಂದು, ಮುಖ ಆಚೆ ತಿರುಗಿಸಿ, ನಾನೇನೂ ಕೇಳುತ್ತಿಲ್ಲ ಎಂಬ ಗತ್ತಿನಲ್ಲಿ ಕೂತಳು. ಅವನು ಸೀನುತ್ತ, ಬಯ್ಯುತ್ತ, ರೊಟ್ಟಿಯ ತುಂಡನ್ನು ಹಾಲಿನಲ್ಲಿ ಅದ್ದಿ ಕೆಳಗಿಡುತ್ತಿದ್ದ. ಅದನ್ನು ಪ್ರೀತಿ ಎಂದು ಕರೆಯಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಪ್ರೀತಿ ಇದ್ದಿದ್ದರೆ, ಅವಳು ಕಣಜದ ಹಿಂದೆ ತಣ್ಣಗಾಗಿ ಬಿದ್ದಿದ್ದ ಬೆಳಿಗ್ಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಅವತ್ತು ಅವನಿಗೆ ಆದದ್ದು ಒಂದೇ, ಮೂರು ಸೀನು.

ಕನ್ನಡಿ ಕೆಳಗಿಟ್ಟಾಗ ತಾಹೆರೆ ಬಾಗಿಲಲ್ಲಿ ನಿಂತಿದ್ದಳು. ಊರಿನಲ್ಲಿ ನಿಜ ಗೊತ್ತಿದ್ದವಳು ಅವಳೊಬ್ಬಳೇ. ಅವನ ಭಕ್ತಿಯನ್ನು ಒರೆಸಿ ಒರೆಸಿ ಒಗೆದ ಬಟ್ಟೆಗಳೆಲ್ಲ ಅವಳ ಕೈಯಲ್ಲೇ ಹಾದುಹೋಗಿದ್ದವು.

“ಕಣ್ಣು ನೋಡು, ತೊಳೆದಿಟ್ಟ ಆಲಿವ್ ಕಾಯಿ ಥರ ಹೊಳೀತಿದೆ,” ಎಂದಳು. “ಇವತ್ತು ಏನ್ ಮಾಡ್ತೀಯ?”

ಅವನು ಗೊತ್ತಿಲ್ಲ ಎಂದ.

“ಈರುಳ್ಳಿ ಕೊಡಲಾ, ಸೊಂಟದಲ್ಲಿ ಸಿಗಿಸ್ಕೊಂಡು ಹೋಗು.”

ಪೂಜಾರಿ ಈರುಳ್ಳಿ ಮುಟ್ಟಬಾರದು ಎಂದು ಅವನು ನೆನಪಿಸಿದ. ದೇವರ ಮುಂದೆ ಸುಳ್ಳೇ ಅಳಬಹುದು, ಈರುಳ್ಳಿ ಮುಟ್ಟಬಾರದು, ಒಳ್ಳೇ ಮಡಿ ನಿನ್ನದು, ಎಂದು ಅವಳು ನಕ್ಕಳು. ನಕ್ಕವಳು ಮತ್ತೆ ದನಿ ತಗ್ಗಿಸಿ, ನೆಜೆಮಳ ಹಾಸಿಗೆಯನ್ನೆಲ್ಲ ಸುಟ್ಟೆವೆಂದು ಅತ್ತೆ ಹೇಳಿದ್ದು ಸುಳ್ಳು, ಒಂದು ತುಂಡು ಬಟ್ಟೆಯನ್ನು ಗಂಟು ಕಟ್ಟಿ ಗೋಧಿಯ ಕಣಜದ ಪಕ್ಕದ ಮಡಕೆಯಲ್ಲಿ ಬಚ್ಚಿಟ್ಟಿದ್ದಾರೆ, ದಿನಾ ಹೋಗಿ ಅದರ ಮುಂದೆ ಕೂತು ಬರುತ್ತಾರೆ ಎಂದು ಹೇಳಿದಳು. ಅಷ್ಟು ಹೇಳಿ, ತಾನು ಏನೂ ಹೇಳಿಲ್ಲವೆನ್ನುವ ಹಾಗೆ ನೀರಿಗೆ ಹೋದಳು.

ಕಾಳಿನ ಕೋಣೆ ತಂಪಾಗಿತ್ತು. ಮಡಕೆಯ ಮುಚ್ಚಳ ತೆಗೆದರೆ ಅಂಗೈಯಗಲದ ಒಂದು ಬಿಗಿಯಾದ ಗಂಟು. ಬಿಚ್ಚಲಿಲ್ಲ, ಅರಿವೆಯ ಮಡಿಕೆಯಿಂದ ಕಂದು ಬಣ್ಣದ ಒಂದು ಕೂದಲು ಹೊರಗೆ ಇಣುಕುತ್ತಿತ್ತು. ಅಷ್ಟಕ್ಕೇ ಮೂಗಿನ ಬುಡದಲ್ಲಿ ಸಿಂಹಿಣಿ ಒಂದು ಕಿವಿ ನೆಟ್ಟಗೆ ಮಾಡಿದಳು. ಎಷ್ಟೋ ದಿನದ ಮೇಲೆ ಅವಳ ಗುರುತು ಸಿಕ್ಕು ಅವನಿಗೆ ನಗುವೂ ಭಯವೂ ಒಟ್ಟಿಗೇ ಬಂದವು. ಗಂಟನ್ನು ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಇದು ಈರುಳ್ಳಿಯಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇದು ಅವಳದೇ ಕೂದಲು, ಕಣ್ಣೀರು ಯಾವತ್ತೂ ಹೀಗೇ ತಾನೆ ಬರುತ್ತಿದ್ದದ್ದು, ಇದರಲ್ಲಿ ಮೋಸವೇನು ಬಂತು? ಹೊಸಿಲು ದಾಟುವಾಗ ಎದುರಿಗೆ ಬಂದ ಅವ್ವ ಅವನ ಹುಬ್ಬನ್ನು ನೋಡಿದಳು, ಬೆರಳಿಗೆ ಉಗುಳು ಹಚ್ಚಿ ಮಗುವಿಗೆ ಮಾಡುವ ಹಾಗೆ ಅದನ್ನು ಒತ್ತಿ ಮಲಗಿಸಿದಳು. ನಿನ್ನಪ್ಪ ಇವತ್ತು ಇರಬೇಕಿತ್ತು, ಎಂದಳು. ಆ ಮಾತಿನ ಭಾರ ಸೊಂಟದ ಗಂಟಿಗಿಂತ ಹೆಚ್ಚಾಗಿತ್ತು.

ಶವ ಕಟ್ಟುವವರು ಕೆಲಸ ಚೆನ್ನಾಗಿ ಮಾಡಿದ್ದರು. ಕಂದು ಮತ್ತು ಬಿಳಿಯ ಪಟ್ಟಿಗಳನ್ನು ಒಂದರ ಮೇಲೊಂದು ನೇಯ್ದ ಹಾಗೆ ಸುತ್ತಿ, ಮೇಲೆ ಅರಿವೆಯದೇ ಎರಡು ಕಿವಿ ಮಾಡಿ, ಕಣ್ಣು ಬರೆದಿದ್ದರು. ನೆಜೆಮಳ ಕಣ್ಣು ಅಷ್ಟು ಸೌಮ್ಯವಾಗಿ ಯಾವತ್ತೂ ಇರಲಿಲ್ಲ ಎಂದು ಉಜಾಹೋರನಿಗೆ ಅನ್ನಿಸಿತು. ಅವಳ ನೋಟದಲ್ಲಿ ಸದಾ ಒಂದು ತಾತ್ಸಾರ ಇರುತ್ತಿತ್ತು, ಅದನ್ನು ಬರೆಯುವುದು ಇವರಿಗೆ ಬಂದಿಲ್ಲ. ದಾರಿಯುದ್ದಕ್ಕೂ ಕೇರಿಯವರು ಹಿಂದೆ ಬಂದರು. ಹೆಂಗಸರು ಎದೆ ಬಡಿದುಕೊಂಡು ಹಾಡಿದರು. ಆದರೆ ಎಲ್ಲರ ಕಣ್ಣೂ ಇವನ ಕಣ್ಣಿನ ಮೇಲೆ. ಇನ್ನೂ ಶುರುವಾಗಿಲ್ಲ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಅವನಿಗೆ ಕೇಳಿಸಿತು. ಇವನು ನೆಜೆಮಳ ಶವವನ್ನು ಎದೆಗೆ ಒತ್ತಿಕೊಂಡಿದ್ದ. ಅದರಿಂದ ದೇವದಾರಿನ ಅಂಟಿನ ವಾಸನೆ ಬರುತ್ತಿತ್ತು, ಸ್ವಲ್ಪ ಶವಕ್ಕೆ ಬಳಿಯುವ ಕರಿಮೇಣದ್ದು, ಹೊಸ ಬಟ್ಟೆಯದು. ಎಲ್ಲವೂ ಎಷ್ಟು ಚೊಕ್ಕವಾಗಿ, ಬೇರೆ ಬೇರೆಯಾಗಿ ಮೂಗಿಗೆ ಬರುತ್ತಿತ್ತೆಂದರೆ, ಅಳುವುದಕ್ಕೆ ಎಲ್ಲಿಯೂ ಜಾಗವಿರಲಿಲ್ಲ.

ಪೆತೆಸೆಯವರು ಗುಂಡಿಯ ಪಕ್ಕ ಕೋಲೂರಿ ನಿಂತಿದ್ದರು. ಧೂಪದ ಹೊಗೆಯ ನಡುವೆ ಅವರ ಮುಖ ಹಳೆಯ ಮರದ ಹಾಗೆ ಕಾಣುತ್ತಿತ್ತು. ಮಂತ್ರ ಮುಗಿಯಿತು. ಇನ್ನು ಮನೆಯ ಯಜಮಾನ ಬೆಕ್ಕನ್ನು ಕರೆದು ಅತ್ತು ಕೆಳಗಿಳಿಸಬೇಕು. ಹಾಡು ನಿಂತಿತು. ಉಜಾಹೋರನ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಗಂಟಿನ ಬಿಗಿ ಬೆರಳಿಗೆ ಸಿಕ್ಕಿತು. ಒಂದು ಎಳೆ ಎಳೆದರೆ ಸಾಕು, ಕಣ್ಣೊರೆಸುವ ನೆಪದಲ್ಲಿ ಕೈಯನ್ನು ಮುಖಕ್ಕೆ ತಂದರೆ ಸಾಕು, ಒಂದು ಉಸಿರಿನಲ್ಲಿ ಎಲ್ಲವೂ ಸುರಿಯುತ್ತದೆ. ಅಪ್ಪ ನೋಡಿದ ಬಾಗಿಲು ತೆರೆಯುತ್ತದೆ. ಕೈ ಅಲ್ಲೇ ನಿಂತಿತು. ಎಡತೋಳಿನಲ್ಲಿದ್ದ ಅವಳ ಭಾರ, ಬದುಕಿದ್ದಾಗಿನದಕ್ಕಿಂತ ಎಷ್ಟೋ ಹಗುರವಾದ ಭಾರ, ಅವನ ಪಕ್ಕೆಗೆ ಒರಗಿಕೊಂಡಿತ್ತು. ಜೀವಮಾನವೆಲ್ಲ ಇವಳು ನನ್ನ ಪರವಾಗಿ ನನ್ನ ಕಣ್ಣಲ್ಲಿ ಅತ್ತಳು, ಎಂದುಕೊಂಡ. ಸತ್ತ ಮೇಲೂ ಇವಳ ಕೈಯಲ್ಲೇ ಈ ಕೆಲಸ ಮಾಡಿಸುವುದೇ? ಬಗ್ಗಿ ಅವಳನ್ನು ಗುಂಡಿಯಲ್ಲಿ ಮಲಗಿಸಿದ. ಸೊಂಟದ ಗಂಟನ್ನು ಬಿಚ್ಚದೆಯೇ ತೆಗೆದು ಅವಳ ಪಕ್ಕದಲ್ಲಿಟ್ಟ. ಅವಳದೇ ಹಾಸಿಗೆ, ಅವಳಿಗಿರಲಿ. ಹಿಂದೆ ಅವ್ವ ಉಸಿರೆಳೆದುಕೊಂಡದ್ದು ಕೇಳಿಸಿತು. ನೆಟ್ಟಗೆ ನಿಂತಾಗ ಅವನ ಕಣ್ಣುಗಳು ಒಣಗಿ ಹೊಳೆಯುತ್ತಿದ್ದವು.

“ಏನಾಯ್ತಪ್ಪ ಉಜಾ?” ಎಂದರು ಪೆತೆಸೆಯವರು.

“ಅಯ್ಯನೋರೆ, ಅಳು ಬರ್ತಾ ಇಲ್ಲ,” ಎಂದ. ಬಾಯಿ ತೆರೆದ ಮೇಲೆ ಅದು ನಿಲ್ಲಲಿಲ್ಲ. “ಇಷ್ಟು ದಿನ ಬಂದಿದ್ದೂ ಅಳು ಅಲ್ಲ. ನನಗೆ ಬೆಕ್ಕು ಆಗೋದಿಲ್ಲ. ಹತ್ರ ಬಂದ್ರೆ ಮೂಗು ಕಟ್ಟುತ್ತೆ, ಕಣ್ಣು ಉರಿಯುತ್ತೆ. ಅಷ್ಟೆ.”

ಆಗೋದಿಲ್ಲ ಅಂದ್ರೇನು, ಜಗಳವಾ, ಎಂದು ಹಿಂದಿನಿಂದ ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು. ಪಕ್ಕದವಳಿಗೂ ಗೊತ್ತಿರಲಿಲ್ಲ. ತಾಹೆರೆ ನೆಲ ನೋಡುತ್ತಿದ್ದಳು. ಅವಳ ಭುಜ ನಗುವಿನಿಂದಲೋ ಹೆದರಿಕೆಯಿಂದಲೋ ಅಲುಗುತ್ತಿತ್ತು. ಈಗ ಕಲ್ಲು ಬೀಳುತ್ತದೆ ಎಂದು ಉಜಾಹೋರ ಕಾಯ್ದ. ಪೆತೆಸೆಯವರು ಅವನ ಮುಖವನ್ನು, ಆಮೇಲೆ ಗುಂಡಿಯನ್ನು, ಮತ್ತೆ ಅವನ ದಟ್ಟವಾದ ಹುಬ್ಬನ್ನು ನೋಡಿ, ಜನರ ಕಡೆ ತಿರುಗಿದರು.

“ಕೇಳಿಸ್ಕೊಂಡ್ರಾ?” ಎಂದರು. “ಅವಳು ಇರೋವಾಗ ಹರೀತಿತ್ತು. ಅವಳು ಹೋದ್ಳು, ನಿಂತುಹೋಯ್ತು. ನಾವೆಲ್ಲ ಇದ್ದಾಗ ಸುಮ್ನಿದ್ದು, ಹೋದ್ಮೇಲೆ ಎದೆ ಬಡ್ಕೋತೀವಿ. ಇವನು ಇದ್ದಾಗಲೇ ಅತ್ತು ಮುಗಿಸಿದಾನೆ.”

ಅಯ್ಯೋ ಹೌದಲ್ಲ, ಎಂದಳು ಅದೇ ಮುದುಕಿ. ಆ ಮಾತು ಗುಂಪಿನಲ್ಲಿ ಹಿಂದಕ್ಕೆ ಹರಿದುಹೋಯಿತು. ಒಬ್ಬಿಬ್ಬರು ಬಂದು ಉಜಾಹೋರನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವನು ಅಲ್ಲ ಅಲ್ಲ ಎನ್ನುತ್ತಲೇ ಇದ್ದ, ಅದು ಅವನ ವಿನಯ ಎಂದಾಯಿತು. ಮಣ್ಣೆಳೆದ ಮೇಲೆ ಪೆತೆಸೆಯವರು ಅವನ ಹೆಗಲ ಮೇಲೆ ಕೈಯಿಟ್ಟು, ನಡೆಯಲು ಆಸರೆ ಬೇಕಾದವರ ಹಾಗೆ ಸ್ವಲ್ಪ ದೂರ ಕರೆದುಕೊಂಡು ಹೋದರು. ಅಲ್ಲಿ ಕಿವಿಯ ಹತ್ತಿರ ಬಾಗಿದರು.

“ನನಗೆ ಧೂಪ ಆಗೋದಿಲ್ಲ ಕಣೋ,” ಎಂದರು. “ಚಿಕ್ಕಂದಿನಿಂದ. ಹೊಗೆ ಬಂದ್ರೆ ತಲೆ ಎರಡು ಹೋಳಾಗುತ್ತೆ. ಯಾರಿಗೆ ಹೇಳ್ಲಿ? ನಾಳೆ ಹೊತ್ತು ಹುಟ್ಟೋ ಮೊದಲೇ ಒಳಗುಡಿಗೆ ಬಾ. ಅವಕ್ಕೆ ಹಸಿವು ಜಾಸ್ತಿ.”

ಮನೆಗೆ ಬಂದು ಕಾಲು ತೊಳೆಯುವಾಗಲೂ ಅವನು ಪೆತೆಸೆಯವರ ಮಾತನ್ನೇ ಯೋಚಿಸುತ್ತಿದ್ದ. ಹಾಗಾದರೆ ಊರಿನಲ್ಲಿ ಇನ್ನೂ ಎಷ್ಟು ಜನರ ಮೂಗಿನಲ್ಲಿ, ತಲೆಯಲ್ಲಿ, ಹೊಟ್ಟೆಯಲ್ಲಿ ಎಂತೆಂಥ ಸಿಂಹಿಣಿಯರು ಕೂತಿದ್ದಾರೋ. ಅವ್ವ ಜೇನು ರೊಟ್ಟಿ ಹಂಚಲು ಕೇರಿಗೆ ಹೋಗಿದ್ದಳು. ಹೊರಡುವಾಗ ಗಂಟಿನ ಬಗ್ಗೆ, ಒಳ್ಳೇದು ಮಾಡಿದೆ, ಅಲ್ಲಿ ಅವಳಿಗೆ ಚಳಿಯಾಗಬಾರದು, ಎಂದಿದ್ದಳು. ಹೊತ್ತು ಮುಳುಗುತ್ತಿತ್ತು. ನಾಳೆಯಿಂದ ಒಳಗುಡಿ, ನಾಳೆಯಿಂದ ನೂರಾರು ಬಾಲಗಳು, ನಾಳೆಯಿಂದ ಮತ್ತೆ ಬಾಯಿಯಲ್ಲಿ ಉಸಿರು. ಇವತ್ತಿನ ಸಂಜೆಯೊಂದೇ ಉಳಿದದ್ದು ಎಂದು ತಿಳಿದು ತಾಹೆರೆ ತಲೆಗೆ ಮಾಮೂಲಿಗಿಂತ ಹೆಚ್ಚಾಗಿಯೇ ಎಣ್ಣೆ ಹಚ್ಚಿಕೊಂಡಿದ್ದಳು, ರೊಟ್ಟಿಗೆ ಕೊತ್ತಂಬರಿ ಬೀಜ ಹಾಕಿದ್ದಳು. ಅವನು ಎರಡನ್ನೂ ಗಮನಿಸಿದ. ಎರಡನ್ನೂ ಗಮನಿಸಿದನೆಂದು ಅವಳು ಗಮನಿಸಿದಳು. ಚಾಪೆಯ ಮೇಲೆ ಕೂತು ಬಿಸಿ ರೊಟ್ಟಿ ಮುರಿದ. ಆವಿ ಮೂಗಿಗೆ ಬಡಿಯಿತು. ಇಂಥ ವಾಸನೆ ಇನ್ನು ಯಾವಾಗಲೋ ಎಂದುಕೊಳ್ಳುತ್ತ ಮೊದಲ ತುತ್ತು ಬಾಯಿಗಿಟ್ಟ. ಆ ಹೊತ್ತಿಗೆ ಎಡಗೈ ತನ್ನ ಪಾಡಿಗೆ ತಾನು ಒಂದು ತುಂಡು ಹರಿದು, ಹಾಲಿನ ಬಟ್ಟಲಲ್ಲಿ ಅದ್ದಿ, ಎಡ ಮೊಣಕಾಲಿನ ಪಕ್ಕ ನೆಲದ ಮೇಲೆ ಇಟ್ಟಿತು. ಇಟ್ಟ ಕೈ ಅಲ್ಲೇ ಸ್ವಲ್ಪ ಹೊತ್ತು ಕಾಯುತ್ತ ನಿಂತಿತು. ಒರಟು ನಾಲಿಗೆಯೊಂದು ಬೆರಳ ತುದಿಗೆ ತಾಗಬೇಕಿತ್ತು. ತಾಗಲಿಲ್ಲ.

ತಾಹೆರೆ ನೀರಿನ ಹೂಜಿ ತಂದವಳು ಅವನ ಮುಖ ನೋಡಿ ನಿಂತಳು. ಕಣ್ಣು ಕೆಂಪಾಗಿ, ನೀರು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ರೊಟ್ಟಿಗೆ ಇಳಿಯುತ್ತಿತ್ತು.

“ಅಯ್ಯೋ, ಯಾವುದೋ ಬೆಕ್ಕು ನುಗ್ಗಿದೆ,” ಎಂದು ಹೂಜಿ ಕೆಳಗಿಟ್ಟು, ಮೊದಲು ಬಾಗಿಲ ಹಿಂದೆ ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಕಾಳಿನ ಕೋಣೆಗೆ ಹೋಗಿ ಮಡಕೆಗಳನ್ನು ಸರಿಸಿದಳು, ಶ್ ಶ್ ಎಂದು ಗದರಿಸಿದಳು, ಕಿಟಕಿಯಿಂದ ಇಣುಕಿದಳು. ಎಲ್ಲಿಯೂ ಏನೂ ಇರಲಿಲ್ಲ. ತಿರುಗಿ ಬಂದು, ಬೆಳೆಯುತ್ತಿರುವ ಸಣ್ಣ ಹುಬ್ಬುಗಳನ್ನು ಗಂಟಿಕ್ಕಿಕೊಂಡು, ಎಲ್ಲಿದೆ ಅದು ಎಂದು ಕೇಳಲು ಬಾಯಿ ತೆರೆದವಳಿಗೆ, ಅವನು ಬಾಯಿ ಮುಚ್ಚಿಕೊಂಡೇ ಸರಾಗವಾಗಿ ಉಸಿರಾಡುತ್ತಿರುವುದು ಕಾಣಿಸಿತು. ಆಮೇಲೆ ಮೊಣಕಾಲಿನ ಪಕ್ಕದ ಒದ್ದೆ ರೊಟ್ಟಿಯ ತುಂಡು ಕಾಣಿಸಿತು. ಅದನ್ನು ಎತ್ತಲು ಬಗ್ಗಿದಳು, ಎತ್ತಲಿಲ್ಲ. ಅದನ್ನು ತುಳಿಯದ ಹಾಗೆ ಬಳಸಿಕೊಂಡು ಹೋಗಿ ಅವನ ಬಲಗಡೆಗೆ ಕೂತಳು.